ಮುಳುಗದ ಬಟ್ಟಲ ಕೋಟೆ

ಉಸುಕಿನಹಾಳಿನಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಜಾಲಿಗಿಡಗಳು ಮುಗಿದು ಬರಿಯ ಮರಳು ಶುರುವಾಗುತ್ತದೆ. ನಮ್ಮ ಸೀಮೆಯಲ್ಲಿ ಇಂಥ ಜಾಗವೊಂದಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ನಾನೂ ಕಣ್ಣಾರೆ ಕಾಣುವ ತನಕ ನಂಬಿರಲಿಲ್ಲ. ಆಷಾಢದ ಗಾಳಿ ಎದ್ದಿತೆಂದರೆ ಮರಳಿನ ದಿಬ್ಬಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತವೆ, ನಿನ್ನೆ ನಡೆದ ದಾರಿ ಇವತ್ತು ಇರುವುದಿಲ್ಲ. ಮೂವತ್ತೊಂದು ವರ್ಷ ಮೋಜಣಿ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದವನು ನಾನು. ನಾನೇ ನೆಟ್ಟ ಗಡಿಕಲ್ಲನ್ನು ನಾನೇ ಹುಡುಕಲಾರದೆ ಕೈಚೆಲ್ಲಿದ್ದು ಇದೊಂದೇ ಊರಿನಲ್ಲಿ. ಈ ಮರಳಿನ ನಡುವೆ ಒಂದು ಊರಿನ ಅವಶೇಷವಿದೆ. ಸೊಂಟದೆತ್ತರದ ಮನೆಗೋಡೆಗಳು, ನೆಟ್ಟಗೆ ಹಾಯುವ ಮೂರು ಓಣಿಗಳು, ಹೇರೆತ್ತುಗಳನ್ನು ಕಟ್ಟುತ್ತಿದ್ದ ಕಲ್ಲುಗೂಟಗಳ ಸಾಲು, ಇವೆಲ್ಲದರ ಕೊನೆಗೆ ಮಣ್ಣು ಕಲ್ಲು ಬೆರೆಸಿ ಕಟ್ಟಿದ ಒಂದು ಕೋಟೆ. ನಾಲ್ಕು ಬುರುಜುಗಳಲ್ಲಿ ಮೂರು ಈಗಲೂ ನಿಂತಿವೆ. ಅವುಗಳ ನೆರಳಿನಲ್ಲಿ ಕುರಿ ಕಾಯುವವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾರೆ.

ಈ ಕೋಟೆಗೆ ಮುಳುಗದ ಬಟ್ಟಲ ಕೋಟೆ ಎಂದು ಹೆಸರು. ಕಟ್ಟಿಸಿದವನ ಹೆಸರಿಲ್ಲ, ದೇವರ ಹೆಸರಿಲ್ಲ, ಗೆದ್ದವರ ಹೆಸರೂ ಇಲ್ಲ. ಒಂದು ಬಟ್ಟಲಿನ ಹೆಸರು. ಯಾಕೆ ಎಂದು ಕೇಳಿದರೆ ಹತ್ತು ಜನ ಹತ್ತು ಕಥೆ ಹೇಳುತ್ತಾರೆ. ಇಲ್ಲಿನ ನೀರಿನ ಕೊಂಡದಲ್ಲಿ ಚಿನ್ನದ ಬಟ್ಟಲೊಂದು ತೇಲುತ್ತಿತ್ತು, ಆಸೆಪಟ್ಟು ಕೈ ಹಾಕಿದವರು ಮುಳುಗಿದರು, ಬಟ್ಟಲು ಮಾತ್ರ ಮುಳುಗಲಿಲ್ಲ ಎಂಬುದು ಒಂದು. ಇಂಥ ಚಿನ್ನದ ಕಥೆ ಇಲ್ಲದ ಪಾಳುಕೋಟೆಯನ್ನು ನಾನು ನೋಡಿಲ್ಲ, ಆದ್ದರಿಂದ ಅದನ್ನು ಬದಿಗಿಡುತ್ತೇನೆ. ಯಾರೋ ಸಂತನ ಭಿಕ್ಷಾಪಾತ್ರೆಯ ಮಹಿಮೆ ಎಂಬುದು ಇನ್ನೊಂದು. ಆ ಸಂತ ಯಾರು, ಎಲ್ಲಿಂದ ಬಂದ, ಎಲ್ಲಿಗೆ ಹೋದ ಎಂದು ಕೇಳಿದರೆ ಹೇಳುವವರು ಆಕಾಶ ನೋಡುತ್ತಾರೆ. ನನ್ನದು ಅನುಮಾನದ ಬುದ್ಧಿ ಎಂದು ಮನೆಯಲ್ಲಿ ಬೈಯುತ್ತಾರೆ. ಇರಬಹುದು. ಅಣ್ಣತಮ್ಮಂದಿರು ನಗುನಗುತ್ತಲೇ ರಾತ್ರೋರಾತ್ರಿ ಬದು ಒತ್ತಿದ್ದನ್ನು ಬೆಳಗಾಗೆದ್ದು ಅಳೆದವನಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ನಾನು ಒಪ್ಪಿದ ಕಥೆಯನ್ನು ಹೇಳಿದವನು ಕುಂಬಾರ ಹುಲಿಗೆಪ್ಪ. ಉಸುಕಿನಹಾಳಿನಲ್ಲಿ ಈಗಲೂ ತಿಗರಿ ತಿರುಗಿಸುವ ಮನೆ ಅದೊಂದೇ. ತನ್ನ ಹಿರೀಕರು ಆ ಕೋಟೆಯೂರಿನಿಂದಲೇ ಎದ್ದು ಬಂದವರು ಎನ್ನುತ್ತಾನೆ. ಮೊದಲ ಸಲ ಹೋದಾಗ ಬಾಯಿಯನ್ನೇ ಬಿಡಲಿಲ್ಲ. ಎರಡನೆಯ ಸಲ ನನ್ನ ಚೀಲದಲ್ಲಿ ಟೇಪು, ನಕ್ಷೆ ಏನಾದರೂ ಇದೆಯೇ ಎಂದು ತಡಕಿ ನೋಡಿದ. ಸರ್ಕಾರದವರು ಕಥೆ ಕೇಳುವ ನೆವದಲ್ಲಿ ಬಂದು ಜಾಗ ಬರೆದುಕೊಂಡು ಹೋಗುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ನಾನು ನಿವೃತ್ತನಾಗಿದ್ದೇನೆ ಎಂದು ಪೆನ್ಶನ್ ಪುಸ್ತಕ ತೋರಿಸಿದ ಮೇಲೆ ಚಹ ತರಿಸಿದ, ಆಮೇಲೆ ಹೇಳಿದ. ಅನುಮಾನಪಡುವವನ ಮಾತನ್ನು ನಂಬುವುದು ನನಗೆ ಸುಲಭ. ಅವನು ಹೇಳಿದ್ದನ್ನು, ಅಳತೆಗೆ ಸಿಕ್ಕಿದ ಕಡೆ ಅಳೆದು ನೋಡಿ, ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಮರಳು ಇಷ್ಟು ಒಳಗೆ ಬಂದಿರದ ಕಾಲದಲ್ಲಿ, ಇಲ್ಲೊಂದು ಒರತೆ ಇತ್ತು ಎನ್ನುತ್ತಾರೆ. ನಾಲ್ಕು ದಿಕ್ಕಿಗೂ ಒಂದು ದಿನದ ದಾರಿಯಲ್ಲಿ ಬೇರೆ ನೀರಿಲ್ಲ. ಉಪ್ಪು, ಹತ್ತಿ, ಕಂಬಳಿಗಳನ್ನು ಹೇರಿಕೊಂಡು ಹೋಗುವ ಎತ್ತುಗಳ ಸಾಲು ಇಲ್ಲಿ ನಿಲ್ಲಲೇಬೇಕು. ನಿಂತವರಿಂದ ಊರು ಬೆಳೆಯಿತು. ಒರತೆಯ ಸುತ್ತ ಕಲ್ಲು ಕಟ್ಟಿ ಕೊಂಡ ಮಾಡಿದರು, ಕೊಂಡಕ್ಕೆ ತೂಬು ಇಟ್ಟರು, ತೂಬಿನಿಂದ ನಾಲ್ಕು ಕಡೆಗೆ ಕಾಲುವೆ ತೆಗೆದರು. ಒಂದು ಕಾಲುವೆ ಕೋಟೆಗೆ, ಒಂದು ವ್ಯಾಪಾರಿಗಳ ಪೇಟೆಗೆ, ಒಂದು ಊರ ಅಂಚಿನ ತೋಟಗಳಿಗೆ, ಕೊನೆಯದು ಕುಂಬಾರ ಓಣಿಗೆ. ತೋಟಗಳ ಆಚೆ ದಟ್ಟವಾದ ಬೇಲಿ ಬೆಳೆಸಿದ್ದರು, ಮರಳನ್ನು ತಡೆಯುತ್ತಿದ್ದದ್ದು ಅದೇ. ಒರತೆ ದೊಡ್ಡದಲ್ಲ. ಇರುಳೆಲ್ಲ ಒಸರಿ ಕೊಂಡ ತುಂಬಬೇಕು, ಹಗಲು ಅದನ್ನು ಹಂಚಿಕೊಳ್ಳಬೇಕು. ಸೂರ್ಯ ಹುಟ್ಟಿದಾಗ ತೂಬು ತೆರೆಯುವುದು, ಸೂರ್ಯ ಮುಳುಗಿದಾಗ ಮುಚ್ಚುವುದು. ಇದು ಆ ಊರು ಹುಟ್ಟಿದಂದಿನ ಕಟ್ಟಳೆ.

ಹಂಚುವುದಕ್ಕೆ ಒಂದು ಗಳಿಗೆ ಬಟ್ಟಲಿತ್ತು. ಅಂಗೈಯಲ್ಲಿ ಹಿಡಿಸುವ ತಾಮ್ರದ ಬಟ್ಟಲು, ತಳದಲ್ಲಿ ಸೂಜಿ ತೂರುವಷ್ಟು ತೂತು. ನೀರಿನ ಮೇಲೆ ಬಿಟ್ಟರೆ ತೂತಿನಿಂದ ನೀರು ಏರಿ ಏರಿ ಬಟ್ಟಲು ತುಂಬಿ ಮುಳುಗುತ್ತದೆ. ಒಮ್ಮೆ ಮುಳುಗಿದರೆ ಒಂದು ಗಳಿಗೆ. ನೆಮ್ಮದಿಯಾಗಿ ಕುಳಿತವನು ಮುನ್ನೂರ ಅರವತ್ತು ಸಲ ಉಸಿರಾಡುವಷ್ಟು ಹೊತ್ತು. ಹಗಲಿಗೆ ಮೂವತ್ತು ಗಳಿಗೆ. ಬೆಳಿಗ್ಗೆ ಮೊದಲ ಆರು ಕೋಟೆಗೆ, ಆಮೇಲೆ ಎಂಟು ಪೇಟೆಗೆ, ಹತ್ತು ತೋಟಗಳಿಗೆ, ಕೊನೆಯ ಆರು ಕುಂಬಾರ ಓಣಿಗೆ. ಬಟ್ಟಲು ಮುಳುಗುವ ಮೊದಲು ತೂಬಿನ ಹಲಗೆಯನ್ನು ಮುಟ್ಟಿದವನ ಕೈ ಕಡಿಯುವುದು ಶಿಕ್ಷೆ. ನೀರೇ ಎಲ್ಲವೂ ಆಗಿದ್ದ ಊರಿನಲ್ಲಿ ಇದು ಕ್ರೂರ ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಬಟ್ಟಲನ್ನು ನೋಡಿಕೊಳ್ಳುವುದು ಕುಂಬಾರ ಓಣಿಯ ಒಂದು ಮನೆತನದ ಕೆಲಸವಾಗಿತ್ತು. ಈ ಕಥೆ ನಡೆದಾಗ ಆ ಕೆಲಸ ಸುಂಕವ್ವ ಎಂಬ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅವಳು ಕೊಂಡದ ಮೆಟ್ಟಿಲ ಮೇಲೆ ಕುಳಿತು ಗಳಿಗೆ ಎಣಿಸಿದ್ದಳು. ಒರತೆಯ ನೀರು ಕುಡಿಯಲು ಚೆನ್ನ, ಆದರೆ ಗಡಸು. ಬೇಳೆ ಬೇಯುವುದಿಲ್ಲ, ಕುದಿಸಿದ ಪಾತ್ರೆಯ ಒಳಗೆ ಸುಣ್ಣದಂತೆ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ಬಟ್ಟಲ ತೂತಿನಲ್ಲೂ ಕಟ್ಟುತ್ತಿತ್ತು. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಸುಂಕವ್ವ ಹುಣಸೆಹಣ್ಣು ನೆನೆಸಿ ಬಟ್ಟಲನ್ನು ಉಜ್ಜಿ, ಕಸಬರಿಗೆಯ ಒಂದು ಕಡ್ಡಿಯನ್ನು ತೂತಿನಲ್ಲಿ ಆಡಿಸಿ, ಉಸಿರು ಎಣಿಸಿ ಗಳಿಗೆಯನ್ನು ತಾಳೆ ನೋಡುತ್ತಿದ್ದಳು. ಅವಳ ಅತ್ತೆಯೂ ಅದನ್ನೇ ಮಾಡಿದ್ದಳು, ಅತ್ತೆಯ ಅತ್ತೆಯೂ. ಮನೆಯ ಹೆಂಗಸರು ದೀಪದ ಕಂಬ ತಿಕ್ಕುವುದನ್ನು ಯಾರು ತಾನೆ ನಿಂತು ನೋಡುತ್ತಾರೆ? ಊರಿನವರಿಗೆ ಅದರ ಕಡೆ ಗಮನವೇ ಇರಲಿಲ್ಲ.

ಆಗ ಊರನ್ನಾಳುತ್ತಿದ್ದವನು ಕೆಂಚೋಬ ನಾಯಕ. ಅನುಮಾನ ಅವನ ಹುಟ್ಟುಗುಣ. ಅಡಿಗೆಯವನ ಮೇಲೆ ಕಣ್ಣಿಡಲು ಒಬ್ಬ, ಆ ಒಬ್ಬನ ಮೇಲೆ ಕಣ್ಣಿಡಲು ಮತ್ತೊಬ್ಬ. ಕೋಟೆಯ ಗೋಡೆಗಳಲ್ಲಿ ಹೊರಗೆ ನೋಡುವ ಕಿಂಡಿಗಳಿರುವುದು ಎಲ್ಲ ಕಡೆಯೂ ಉಂಟು. ಈ ಕೋಟೆಯಲ್ಲಿ ಒಳಗಿನ ಪಡಸಾಲೆಗಳನ್ನು ನೋಡುವ ಕಿಂಡಿಗಳೂ ಇವೆ. ನಾನು ಎಣಿಸಿದ್ದೇನೆ, ಹೊರಗಿನವಕ್ಕಿಂತ ಒಳಗಿನವೇ ಎರಡು ಹೆಚ್ಚು. ಒಂದು ಬೇಸಿಗೆಯಲ್ಲಿ ಕೋಟೆಯ ಒಳಗಿನ ಹೊಂಡ ಎಂದಿಗಿಂತ ಒಂದು ಮೊಳ ಕಡಿಮೆ ತುಂಬತೊಡಗಿತು. ಆ ವರ್ಷ ನಾಯಕ ಹೊಸದಾಗಿ ಇಪ್ಪತ್ತು ಕುದುರೆ ತಂದು ಲಾಯದಲ್ಲಿ ಕಟ್ಟಿದ್ದ. ಕುದುರೆ ನೀರು ಕುಡಿಯುತ್ತದೆ ಎಂಬುದು ಕೋಟೆಯಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆದವರಿದ್ದರೂ ಬಾಯಿಬಿಟ್ಟಿರಲಿಕ್ಕಿಲ್ಲ. ನಾಯಕನಿಗೆ ಹೊಳೆದದ್ದು ಬೇರೆ: ಯಾರೋ ತನ್ನ ಗಳಿಗೆ ಕದಿಯುತ್ತಿದ್ದಾರೆ. ಕೊಂಡದ ಕಡೆಗೆ ಗೂಢಚಾರರನ್ನು ಬಿಟ್ಟ. ಅಮಾವಾಸ್ಯೆಯ ಮಧ್ಯಾಹ್ನ ಅವರು ಓಡಿಬಂದು, ಕುಂಬಾರ ಓಣಿಯ ಹೆಂಗಸು ಬಟ್ಟಲ ತೂತಿಗೆ ಕಡ್ಡಿ ಹಾಕಿ ತಿರುವುತ್ತಿದ್ದಾಳೆ ಎಂದು ವರದಿ ಒಪ್ಪಿಸಿದರು.

ಸುಂಕವ್ವನನ್ನು ಚಾವಡಿಗೆ ಕರೆಸಿದರು. ತೂತು ದೊಡ್ಡದಾದರೆ ಬಟ್ಟಲು ಬೇಗ ಮುಳುಗುತ್ತದೆ, ಬೇಗ ಮುಳುಗಿದರೆ ಮೊದಲಿನವರ ಸರದಿ ಮೊಟಕಾಗುತ್ತದೆ, ಹಗಲು ಉಳಿದದ್ದೆಲ್ಲ ಕೊನೆಯ ಓಣಿಗೆ, ಅಂದರೆ ಇವಳ ಓಣಿಗೆ ಸಿಗುತ್ತದೆ. ನಾಯಕ ಇದನ್ನು ಬೆರಳು ಮಡಿಸಿ ಮಡಿಸಿ ಹೇಳಿದಾಗ ಪೇಟೆಯವರೂ ತೋಟದವರೂ ತಲೆದೂಗಿದರು. ಲೆಕ್ಕವಂತೂ ಸರಿಯಾಗಿತ್ತು, ಅದೇ ಅದರ ಕೇಡು. ಸುಂಕವ್ವ ಕೈಮುಗಿದು ಹೇಳಿದಳು:

"ತೂತು ದೊಡ್ಡದು ಮಾಡಿಲ್ಲ ಧಣಿ, ಕಟ್ಟಿದ್ದು ಬಿಡಿಸೀನಿ. ತೊಳೀದಿದ್ರ ಬಟ್ಟಲು ನಿಧಾನ ಆಕ್ಕೈತಿ."

"ಹಂಗಾರ ಇನ್ನ ಮ್ಯಾಲೆ ಮುಟ್ಟಬ್ಯಾಡ," ಎಂದ ನಾಯಕ. "ಮುಟ್ಟದಿದ್ರ ಏನಾಕ್ಕೈತಿ ನೋಡೂಣು."

ಅಂದಿನಿಂದ ಬಟ್ಟಲ ಮೈಗೆ ಕೈ ತಾಗಿಸಬಾರದು ಎಂದು ಕಟ್ಟಳೆಯಾಯಿತು. ಮುಳುಗಿದ ಬಟ್ಟಲನ್ನು ಸುಂಕವ್ವ ಇಕ್ಕಳದಿಂದ ಎತ್ತಬೇಕು, ಇಕ್ಕಳದಿಂದಲೇ ಬಗ್ಗಿಸಿ ನೀರು ಚೆಲ್ಲಬೇಕು, ಇಕ್ಕಳದಿಂದಲೇ ಮತ್ತೆ ತೇಲಿಬಿಡಬೇಕು. ಕಡ್ಡಿ, ಹುಣಸೆ, ಸೀರೆಯ ಸೆರಗು ಕೂಡ ಹತ್ತಿರ ಬರಕೂಡದು. ಮುಟ್ಟಿದರೆ ಕೈ ಹೋಗುತ್ತದೆ. ಅವಳನ್ನು ಕಾಯಲು ಕೋಟೆಯ ಆಳೊಬ್ಬ ಕೊಂಡದ ಬಲಕ್ಕೆ ನಿಂತ. ಕೋಟೆಯ ಆಳು ಒಬ್ಬನೇ ಇದ್ದರೆ ಏನು ಮಾಡುತ್ತಾನೋ ಎಂದು ಪೇಟೆಯವರು ತಮ್ಮ ಆಳೊಬ್ಬನನ್ನು ಎಡಕ್ಕೆ ನಿಲ್ಲಿಸಿದರು. ಇಬ್ಬರೂ ಹಗಲೆಲ್ಲ ಬಟ್ಟಲನ್ನು ನೋಡುವುದಕ್ಕಿಂತ ಒಬ್ಬರನ್ನೊಬ್ಬರು ನೋಡುವುದೇ ಹೆಚ್ಚು. ಅವರ ನಡುವೆ ಕುಳಿತು ಸುಂಕವ್ವ ತೂತಿನ ಅಂಚಿನಲ್ಲಿ ಬೆಳ್ಳಗೆ ಪೊರೆ ಏರುವುದನ್ನು ದಿನದಿನವೂ ಕಂಡಳು. ಕಣ್ಣೆದುರೇ ಕೆಡುತ್ತಿರುವ ಕೆಲಸಕ್ಕೆ ಕೈಹಾಕದೆ ಕೂರುವ ಸಂಕಟ ಕೆಲಸ ಬಲ್ಲವರಿಗಷ್ಟೇ ಗೊತ್ತು.

ಬಟ್ಟಲು ನಿಧಾನವಾಯಿತು. ಮೊದಲ ತಿಂಗಳು ಯಾರಿಗೂ ತಿಳಿಯಲಿಲ್ಲ. ಮೂರನೆಯ ತಿಂಗಳಿಗೆ ಕೋಟೆಯ ಹೊಂಡ ಹಿಂದಿನಂತೆ ತುಂಬಿತು, ಆಮೇಲೆ ಹಿಂದಿಗಿಂತಲೂ ಹೆಚ್ಚು ತುಂಬಿತು. ನಾಯಕನಿಗೆ ಹಾಲು ಕುಡಿದಷ್ಟು ಸಂತೋಷ. ನೋಡಿ, ಅವಳ ಕೈ ತಪ್ಪಿಸಿದೆವು, ನಮ್ಮ ನೀರು ನಮಗೆ ಬಂತು. ಇಷ್ಟು ವರ್ಷವೂ ಕದಿಯುತ್ತಿದ್ದಳು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದ. ಎಲ್ಲರೂ ಒಪ್ಪಿದರು. ಆದರೆ ಹಗಲು ಉದ್ದವಾಗುವುದಿಲ್ಲವಲ್ಲ. ಬಟ್ಟಲು ಕಾಲುಭಾಗ ನಿಧಾನವಾದರೆ ಸಾಕು, ಮೊದಲ ಮೂವರ ಇಪ್ಪತ್ತನಾಲ್ಕು ಗಳಿಗೆ ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ತೂಬು ಮುಚ್ಚಿರುತ್ತದೆ, ಕುಂಬಾರ ಓಣಿಗೆ ತೊಟ್ಟು ನೀರೂ ಇಲ್ಲ. ಕಾಗದದ ಮೇಲೆ ನಾನೂ ಗುಣಿಸಿ ನೋಡಿದೆ, ಲೆಕ್ಕ ಹಾಗೆಯೇ ಬಂತು. ದಸರೆಯ ಹೊತ್ತಿಗೆ ಹಾಗೆಯೇ ಆಯಿತು ಎನ್ನುತ್ತಾರೆ.

ಕುಂಬಾರರು ಊರಾಚೆಯ ಒಣಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ ಬೊಗಸೆ ಬೊಗಸೆ ನೀರು ಮೊಗೆದು ತಂದರು. ಮಣ್ಣು ಕಲಸಲು ನೀರಿಲ್ಲದೆ ತಿಗರಿಗಳು ನಿಂತವು. ಅವರ ಸಿಟ್ಟು ಕೋಟೆಯ ಮೇಲೆ ಹೋಗಬೇಕಿತ್ತು, ಹೋಗಲಿಲ್ಲ. ಸುಂಕವ್ವನ ಮೇಲೆ ಬಂತು. ಇವಳು ಕೋಟೆಯವರಿಗೆ ಒಲಿದಿದ್ದಾಳೆ, ಬೇಕೆಂದೇ ಬಟ್ಟಲನ್ನು ಮಂದ ಮಾಡಿದ್ದಾಳೆ ಎಂದು ಅವಳ ಓಣಿಯವರೇ ಆಡಿಕೊಂಡರು. ಒಲೆ ಹೊತ್ತಿಸಲು ಕೆಂಡ ಕೇಳಿದರೆ ಪಕ್ಕದ ಮನೆಯವರು ಬಾಗಿಲು ಮುಂದೆ ಮಾಡಿದರು. ಸ್ವಂತ ಮೈದುನ ಬೋಡೆಪ್ಪ ಅವಳ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದ. ಒಂದು ದಿನ ಅವಳೇ ತಡೆದು ನಿಲ್ಲಿಸಿ, "ಯಪ್ಪಾ, ನೀನಾರ ಹೇಳು, ತೊಳಿಯಾಕ ಬಿಡು ಅಂತ ನಾಕು ಮಂದಿ ಕೂಡಿ ಹೋಗಿ ಧಣಿಗೆ ಹೇಳ್ರಿ," ಎಂದಳು. ಬೋಡೆಪ್ಪ, "ತೊಳದು ಇನ್ನೇನು ಮಾಡಬೇಕಂತ ಮಾಡೀಯವ್ವ?" ಎಂದು ಕೇಳಿ ಹೋದ. ಹುಲಿಗೆಪ್ಪ ಈ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಬೋಡೆಪ್ಪ ತನ್ನದೇ ವಂಶದ ಬಳ್ಳಿಯವನು ಎಂದು ಆಮೇಲೆ ತಿಳಿಸಿದ.

ಹೊಸ ಬಟ್ಟಲು ಮಾಡಿಸಬಾರದಿತ್ತೆ ಎಂದು ಓದುವವರು ಕೇಳಬಹುದು. ಮಾಡಿಸಿದರು. ಪೇಟೆಯವರು ಒಂದು, ತೋಟದವರು ಒಂದು, ಕುಂಬಾರರು ಮಣ್ಣಿನದೇ ಒಂದು. ನಾಲ್ಕನ್ನೂ ಒಟ್ಟಿಗೆ ತೇಲಿಬಿಟ್ಟಾಗ ಒಂದರ ಹಿಂದೊಂದು, ತಮ್ಮ ತಮ್ಮ ಯಜಮಾನರಿಗೆ ಲಾಭವಾಗುವ ಹಾಗೆಯೇ ಮುಳುಗಿದವು. ಕುಂಬಾರರದು ತೇಲಿಬಿಟ್ಟ ಮೇಲೆ ನೂರು ಉಸಿರು ಎಣಿಸುವಷ್ಟರಲ್ಲೇ ಮುಳುಗಿತಂತೆ. ಅಲ್ಲಿಗೆ ಊರಿಗೆ ಒಂದು ವಿಷಯ ಖಾತ್ರಿಯಾಯಿತು: ಮನುಷ್ಯರ ಕೈ ಮುಟ್ಟಿದ ಬಟ್ಟಲನ್ನು ನಂಬುವ ಹಾಗಿಲ್ಲ, ಯಾರೂ ಮುಟ್ಟದ ಹಳೆಯ ಬಟ್ಟಲೇ ಸತ್ಯ. ಆ ಊರಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಕೆಲಸ ಕೆಟ್ಟದ್ದೇ ಮುಟ್ಟದೆ ಬಿಟ್ಟದ್ದರಿಂದ ಎಂದು ಒಬ್ಬಳು ಹೇಳುತ್ತಲೇ ಇದ್ದಳು, ಮುಟ್ಟಿಲ್ಲವಾದ್ದರಿಂದಲೇ ನಂಬುತ್ತೇವೆ ಎಂದು ಊರಿಗೆ ಊರೇ ಹೇಳಿತು. ಆ ಚಳಿಗಾಲದಲ್ಲಿ ತೋಟಗಳ ಸರದಿಯೂ ಅರ್ಧಕ್ಕಿಳಿಯಿತು. ಮೊದಲು ದಾಳಿಂಬೆ ಒಣಗಿತು, ಆಮೇಲೆ ಆಚೆಯ ಬೇಲಿ ಅಲ್ಲಲ್ಲಿ ಬೋಳಾಯಿತು.

ಯುಗಾದಿ ಕಳೆದು ಹದಿನೈದು ದಿನಕ್ಕೆ, ಒಂದು ಬೆಳಿಗ್ಗೆ, ಸುಂಕವ್ವ ಬಟ್ಟಲನ್ನು ತೇಲಿಬಿಟ್ಟಳು, ಕೋಟೆಯ ಮೊದಲ ಗಳಿಗೆ ಎಂದು ಕೂಗಿದಳು, ತೂಬು ತೆರೆಯಿತು. ಬಟ್ಟಲು ಮುಳುಗಲಿಲ್ಲ. ಹೊತ್ತು ನೆತ್ತಿಗೆ ಬಂತು, ಬಟ್ಟಲ ಒಳಗೆ ಒಂದು ಹನಿಯೂ ಏರಿರಲಿಲ್ಲ. ತೂತು ಪೂರ್ತಿ ಕಟ್ಟಿಹೋಗಿತ್ತು. ಸುಂಕವ್ವ ಕಾವಲುಗಾರರಿಗೆ ತೋರಿಸಿದಳು, ಅವರು ನೋಡಲಿಲ್ಲ. ಬಗ್ಗಿ ನೋಡಿದರೆ ಮುಟ್ಟಿದೆ ಎಂದು ಇನ್ನೊಬ್ಬ ಹೇಳಿಬಿಟ್ಟರೆ? ಸಂಜೆ ತೂಬು ಮುಚ್ಚುವ ಹೊತ್ತಿಗೆ ಕೋಟೆಯಿಂದ ಅಪ್ಪಣೆ ಬಂತು. ತಮ್ಮ ಮೊದಲ ಗಳಿಗೆಯೇ ಇನ್ನೂ ಮುಗಿದಿಲ್ಲ. ಈಗ ಮುಚ್ಚಿದರೆ ನಾಳೆ ಬೆಳಿಗ್ಗೆ ಸರದಿ ತಮ್ಮದೆಂದು ಪೇಟೆಯವರು ಬಂದು ನಿಲ್ಲುತ್ತಾರೆ. ಇದೆಲ್ಲ ಅದಕ್ಕೇ ಹೂಡಿದ ಆಟ. ಬಟ್ಟಲು ಮುಳುಗುವ ತನಕ ತೂಬು ಮುಚ್ಚಕೂಡದು. ಊರು ಹುಟ್ಟಿದ ಮೇಲೆ ಮೊದಲ ಸಲ ತೂಬು ಹಗಲೂ ಇರುಳೂ ತೆರೆದೇ ಉಳಿಯಿತು.

ನಾಲ್ಕು ದಿನ ಹೀಗೆ ನಡೆಯಿತು. ಪೇಟೆಯವರೂ ತೋಟದವರೂ ಈಗ ಕುಂಬಾರರ ಜೊತೆ ಹಳ್ಳದ ಚಿಲುಮೆಗಳ ಮುಂದೆ ಕೊಡ ಹಿಡಿದು ನಿಂತರು. ಎಲ್ಲರೂ ಕೂಡಿ ಹೋಗಿ ಒಂದು ಹಲಗೆಯನ್ನು ಕೆಳಗಿಳಿಸಿದ್ದರೆ ಮುಗಿಯುತ್ತಿತ್ತು. ನೂರಾರು ಕೈಗಳನ್ನು ಯಾವ ನಾಯಕನೂ ಕಡಿಯಲಾರ. ಆದರೆ ಮೊದಲು ಮುಟ್ಟಿದವನನ್ನು ಉಳಿದವರು ಹಿಡಿದುಕೊಟ್ಟರೆ ಏನು ಗತಿ ಎಂದು ಪ್ರತಿಯೊಬ್ಬನೂ ಯೋಚಿಸಿದ. ನೀನು ಮುಂದೆ ನಡೆ ಎಂದು ಒಬ್ಬರಿಗೊಬ್ಬರು ಹೇಳುತ್ತ ನಿಂತರು. ಕೋಟೆಯ ಒಳಗೆ ಹೊಂಡ ತುಂಬಿ, ಅಂಗಳ ತುಂಬಿ, ನೀರು ಪಡುವಣ ಗೋಡೆಯ ಬುಡಕ್ಕೆ ನಿಂತಿತ್ತು. ಕೊಂಚ ನೀರನ್ನು ಹೊರಗೆ ಬಿಡೋಣ ಎಂದ ಮುದುಕ ಮಂತ್ರಿಯನ್ನು, ನಿನಗೆ ಪೇಟೆಯವರು ಏನು ಕೊಟ್ಟರು ಎಂದು ನಾಯಕ ಕೇಳಿದನಂತೆ.

ಐದನೆಯ ಬೆಳಿಗ್ಗೆ ಸುಂಕವ್ವ ಸೆರಗಿನ ಗಂಟಿನಲ್ಲಿ ನಿಂಬೆಗಾತ್ರದ ಹುಣಸೆಹಣ್ಣು ಕಟ್ಟಿಕೊಂಡು ಬಂದಳು. ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ಬಟ್ಟಲು ತೊಳೆಯಲು ಅರ್ಧ ಗಳಿಗೆ ಸಾಕು, ಆಮೇಲೆ ಕೈ ಕಡಿದರೆ ಕಡಿಯಲಿ. ಮೆಟ್ಟಿಲ ಮೇಲೆ ಕುಳಿತವಳು ಇಕ್ಕಳವನ್ನು ಪಕ್ಕಕ್ಕಿಟ್ಟು ನೀರಿಗೆ ಕೈ ಚಾಚಿದಳು. ಕೋಟೆಯ ಆಳು ಅವಳ ಬಲಗೈ ಹಿಡಿದ, ಪೇಟೆಯ ಆಳು ಎಡಗೈ ಹಿಡಿದ. ಅಷ್ಟು ತಿಂಗಳುಗಳಲ್ಲಿ ಆ ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು. ಬಿಡ್ರಪ್ಪಾ, ಬಿಡ್ರಪ್ಪಾ ಎಂದು ಅವಳು ಗೋಗರೆಯುತ್ತಿರುವಾಗಲೇ ಕೋಟೆಯ ಕಡೆಯಿಂದ ದೊಡ್ಡ ಸದ್ದು ಬಂತು. ನೆನೆದು ನೆನೆದು ಬುಡ ಕರಗಿದ ಪಡುವಣ ಗೋಡೆ, ಒಂದು ಬುರುಜಿನ ಸಮೇತ, ಹೊರಕ್ಕೆ ಕುಸಿದಿತ್ತು. ಶತ್ರುಗಳ ಫಿರಂಗಿ ಕೆಡವಿತು ಎಂದು ಹೇಳುವವರಿಗೆ ನಾನು ಆ ಜಾಗ ತೋರಿಸುತ್ತೇನೆ. ಫಿರಂಗಿ ಹೊಡೆದರೆ ಗೋಡೆ ಒಳಕ್ಕೆ ಬೀಳಬೇಕು. ಇಲ್ಲಿ ಕಲ್ಲುಗಳು ಬುಡದಿಂದ ಅರವತ್ತು ಅಡಿ ಹೊರಗೆ ಚೆಲ್ಲಿವೆ, ಒಂದು ಗುಂಡೂ ಸಿಕ್ಕಿಲ್ಲ. ಯಾರೂ ಸಾಯಲಿಲ್ಲ ಎಂದು ಕೆಲವರು ಹೇಳುತ್ತಾರೆ, ಲಾಯದ ಇಬ್ಬರು ಆಳುಗಳು ಸತ್ತರು ಎಂದು ಹುಲಿಗೆಪ್ಪ ಹೇಳಿದ. ನಾನು ಹುಲಿಗೆಪ್ಪನನ್ನು ನಂಬುತ್ತೇನೆ.

ಅಂದು ಮಧ್ಯಾಹ್ನದೊಳಗೆ ಊರು ಗಂಟುಮೂಟೆ ಕಟ್ಟತೊಡಗಿತು. ಹೊರಗಿನವರು ಬುಡ ಅಗೆದು ಕೆಡವಿದರು ಎಂದು ಕೋಟೆಯವರು, ನಮ್ಮನ್ನು ಹೂಳಲೆಂದು ತಾವೇ ಕೆಡವಿದರು ಎಂದು ಹೊರಗಿನವರು. ಕೊಂಡ ತಳ ಕಂಡಿತ್ತು, ಮೊಣಕಾಲುದ್ದದ ನೀರಿನಲ್ಲಿ ಬಟ್ಟಲು ಇನ್ನೂ ತೇಲುತ್ತಿತ್ತು. ಆಗ ಕೆಂಚೋಬ ನಾಯಕ ಬರಿಗಾಲಿನಲ್ಲಿ, ಒಬ್ಬನೇ, ಕೊಂಡದ ಮೆಟ್ಟಿಲಿಳಿದು ಬಂದ. "ತೊಳಿ," ಎಂದ. ಸುಂಕವ್ವ ಹುಣಸೆಹಣ್ಣು ಕಿವುಚಿ ಬಟ್ಟಲನ್ನು ಉಜ್ಜಿದಳು, ಕಡ್ಡಿಯಿಂದ ತೂತು ಬಿಡಿಸಿದಳು. ಅವಲಕ್ಕಿಯಷ್ಟು ದಪ್ಪದ ಬಿಳಿ ಚಕ್ಕೆಗಳು ಉದುರಿದವು. ಅವನ್ನು ಅಂಗೈಯಲ್ಲಿ ಹಿಡಿದು ನಾಯಕನಿಗೆ ತೋರಿಸಿ, ಬಟ್ಟಲನ್ನು ತೇಲಿಬಿಟ್ಟಳು. ಹೊರಟವರಲ್ಲಿ ಕೆಲವರು ತಲೆಹೊರೆ ಇಳಿಸಿ ನಿಂತು ನೋಡಿದರು, ಬೋಡೆಪ್ಪನೂ ಇದ್ದ. ಬಟ್ಟಲು ತುಂಬಿತು, ಓಲಾಡಿತು, ಮುಳುಗಿತು. ನಾಯಕ ಕೇಳಿದ:

"ಇದೇ ಖರೇ ಗಳಿಗಿ ಅಂತ ನಾ ಹೆಂಗ ನಂಬ್ಲಿ?"

ಸುಂಕವ್ವ ಕೈ ತೊಳೆದುಕೊಂಡು ಎದ್ದಳು. "ನನ್ನ ನಂಬಬ್ಯಾಡ್ರಿ ಧಣಿ. ನಿಮ್ಮ ಉಸುರು ಎಣಿಸಿ ನೋಡ್ರಿ. ಅದನ್ನರ ಯಾರೂ ಮುಟ್ಟಿಲ್ಲಲ್ಲ," ಎಂದಳು.

ಬೋಡೆಪ್ಪ ಬಂದು ಅವಳ ಗಂಟನ್ನು ತನ್ನ ತಲೆಗೇರಿಸಿಕೊಂಡ. ಕುಂಬಾರರೊಂದಿಗೆ ಅವಳು ಮೂಡಣಕ್ಕೆ ಹೋದಳು. ನಾಯಕ ಮಾತ್ರ ಕೊಂಡದ ಮೆಟ್ಟಿಲ ಮೇಲೆ ಕುಳಿತು ಬಟ್ಟಲು ತೇಲಿಬಿಟ್ಟು ಉಸಿರು ಎಣಿಸಿದ ಎನ್ನುತ್ತಾರೆ. ಒಮ್ಮೆ ನಾನೂರ ಹತ್ತು ಬಂತು, ಒಮ್ಮೆ ಐನೂರು ದಾಟಿತು. ಅನುಮಾನದಿಂದ ಎದೆ ಹೊಡೆದುಕೊಳ್ಳುವವನ ಉಸಿರು ಹಾಗಲ್ಲದೆ ಹೇಗೆ ಬರಬೇಕು? ಎಣಿಸಿದಷ್ಟೂ ಅವನಿಗೆ ಅವಳ ಮೇಲೆ ಅನುಮಾನ ಬಲಿಯಿತು. ಕೊನೆಗೆ ಅವನು ಎಲ್ಲಿಗೆ ಹೋದ, ಏನಾದ ಎಂಬುದು ಯಾರಿಗೂ ತಿಳಿಯದು. ಕಾಯುವ ಬೇಲಿ ಇಲ್ಲದೆ ಆ ಆಷಾಢದಲ್ಲೇ ಮರಳು ಓಣಿಗಳಿಗೆ ಇಳಿಯಿತು. ಹೋದ ಹೋದ ಊರುಗಳಲ್ಲಿ, ನೀವು ಎಲ್ಲಿಯವರು ಎಂದು ಕೇಳಿದರೆ ಅವರು ತಮ್ಮ ಊರಿನ ಹೆಸರು ಹೇಳಲು ನಾಚಿ, ಮುಳುಗದ ಬಟ್ಟಲ ಕೋಟೆಯವರು ಎಂದರಂತೆ. ಹಳೆಯ ಹೆಸರು ಅಲ್ಲಿಗೆ ಅಳಿಸಿತು.

ಕೊಂಡದಲ್ಲಿ ಇವತ್ತಿಗೂ ಮೊಣಕಾಲುದ್ದ ನೀರಿರುತ್ತದೆ. ಕೆಲವು ವರ್ಷಗಳ ಹಿಂದೆ, ಸರ್ಕಾರದವರು ನೋಡಲು ಬರುವವರಿಗೆಂದು, ಹಳೆಯದರ ಮಾದರಿಯಲ್ಲಿ ಒಂದು ತಾಮ್ರದ ಬಟ್ಟಲು ಮಾಡಿಸಿ ಅಲ್ಲಿ ಇಟ್ಟಿದ್ದಾರೆ. ಕಾವಲುಗಾರನೊಬ್ಬ ಕೋಲಿನ ಕೊಕ್ಕೆಯಿಂದ ಅದನ್ನು ತೇಲಿಬಿಡುತ್ತಾನೆ, ಜನ ಮೊಬೈಲು ಹಿಡಿದು ಹೊತ್ತು ನೋಡುತ್ತಾರೆ. ಒಂದು ಗಳಿಗೆ ಎಂದರೆ ಈಗಿನ ಇಪ್ಪತ್ತನಾಲ್ಕು ನಿಮಿಷ, ಅಷ್ಟಕ್ಕೆ ಮುಳುಗಬೇಕು. ಕಳೆದ ಮಾಘದಲ್ಲಿ ನಾನು ಹೋದಾಗ ನಲವತ್ತೊಂದು ನಿಮಿಷ ತೆಗೆದುಕೊಂಡಿತು. ಮಾಡಿದವನು ಮೋಸ ಮಾಡಿದ್ದಾನೆ ಎಂದರು ಒಬ್ಬರು. ಹಳೆಯ ಕಾಲದವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದರು ಇನ್ನೊಬ್ಬರು. ಕಾವಲುಗಾರ ಏನೋ ಕೈಚಳಕ ಮಾಡುತ್ತಿದ್ದಾನೆ ಎಂದು ಒಬ್ಬ ಹೆಂಗಸು ಗಂಡನ ಕಿವಿಯಲ್ಲಿ ಹೇಳಿದಳು. ಸುಳ್ಳೇಕೆ ಹೇಳಲಿ, ನನಗೂ ಮೊದಲು ಅವನ ಮೇಲೆಯೇ ಅನುಮಾನ ಬಂತು. ಬೆಳಗಿನಿಂದ ಸಂಜೆಯ ತನಕ ಕುಳಿತೆ; ಬಂದ ಅಷ್ಟು ಜನರಲ್ಲಿ ಒಬ್ಬರೂ ಇದನ್ನು ತೊಳೆದು ಎಷ್ಟು ದಿನವಾಯಿತು ಎಂದು ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಚೀಲದಿಂದ ಹುಣಸೆಹಣ್ಣು ತೆಗೆದು ಮೆಟ್ಟಿಲಿಳಿದೆ. ಕಾವಲುಗಾರ ಓಡಿಬಂದು ನನ್ನ ಕೈ ಹಿಡಿದುಕೊಂಡ.

"ಮುಟ್ಟಬ್ಯಾಡ್ರಿ ಸಾಹೇಬ್ರ. ಬೋರ್ಡ್ ಐತಿ ನೋಡ್ರಿ."

ನೋಡಿದೆ. ಬಟ್ಟಲನ್ನು ಯಾರೂ ಮುಟ್ಟಬಾರದು ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ತೊಳೆಯಬೇಕಪ್ಪಾ ಎಂದು ಅವನಿಗೆ ಎಷ್ಟು ಬಿಡಿಸಿ ಹೇಳಿದರೂ ಅವನು ನನ್ನ ಕೈ ಬಿಡಲಿಲ್ಲ.